ಎಡಗಡೆಯ ಸೀಟು

ದೋಹಾದಲ್ಲಿದ್ದ ವರ್ಷಗಳದ್ದೆಂದು ನನಗೆ ಅತಿ ಸ್ಪಷ್ಟವಾಗಿ ನೆನಪಿರುವ ಜಾಗ ದೋಹಾದಲ್ಲಿಲ್ಲ. ಅದು ಇಟಲಿಯ ನೇಪಲ್ಸ್ ಬಂದರಿನಿಂದ ಫೆರ್ರಿ ಹಿಡಿದು ಹೋಗಬೇಕಾದ ಕಾಪ್ರಿ ಎಂಬ ದ್ವೀಪ. ಫೆರ್ರಿ ಯಾವ ಕಟ್ಟೆಯಿಂದ ಬಿಡುತ್ತದೆ, ದ್ವೀಪದಲ್ಲಿ ಇಳಿದ ಮೇಲೆ ಗುಡ್ಡದ ಪೇಟೆಗೆ ಹೋಗುವ ಪುಟ್ಟ ರೈಲು ಎಲ್ಲಿಂದ ಹೊರಡುತ್ತದೆ, ವಾಪಸು ಬರಲು ಎಷ್ಟು ಬೇಗ ಸಾಲಿನಲ್ಲಿ ನಿಲ್ಲಬೇಕು, ಎಲ್ಲವನ್ನೂ ಈಗಲೂ ಹೇಳಬಲ್ಲೆ. ಆದರೆ ನಾನು ಅಲ್ಲಿಗೆ ಹೋದವನಲ್ಲ. ದೋಹಾದ ನಜ್ಮಾ ಬಡಾವಣೆಯಲ್ಲಿ ವರ್ಷಗಟ್ಟಲೆ ಮಲಗೆದ್ದ ಕೋಣೆಯ ಗೋಡೆಯ ಬಣ್ಣ ಕೇಳಿದರೆ ಹಳದಿಯೋ ಹಸಿರೋ ಎಂದು ತಡವರಿಸುತ್ತೇನೆ.

ನಾನು ಓದಿದ್ದು ಎಂಜಿನಿಯರಿಂಗ್. ಪುರಾವೆ ಇಲ್ಲದ್ದನ್ನು ನಂಬಬಾರದು ಎಂಬ ಹಟ ಕಾಲೇಜಿನಲ್ಲೇ ಅಂಟಿಕೊಂಡಿತ್ತು. ಸತ್ಯನಾರಾಯಣ ಪೂಜೆಯ ಪ್ರಸಾದ ಕೈಯಲ್ಲಿ ಹಿಡಿದುಕೊಂಡೇ ವಾದಕ್ಕೆ ನಿಲ್ಲುತ್ತಿದ್ದೆ. ಅದೇ ಹಟವನ್ನು ಸ್ವಂತ ನೆನಪಿನ ಮೇಲೂ ಪ್ರಯೋಗಿಸಬೇಕು ಎಂದು ಹೊಳೆದದ್ದು ತಡವಾಗಿ. ಹಾಗಾಗಿ ಇದನ್ನು ಬರೆಯುವಾಗಲೂ ಕಾಳು ಯಾವುದು, ಜೊಳ್ಳು ಯಾವುದು ಎಂದು ಅಲ್ಲಲ್ಲಿ ನಿಂತು ನೋಡಬೇಕಾಗಿದೆ.

ಕೋಣೆಯಲ್ಲಿ ನಾವಿಬ್ಬರು. ಕೆಳಗೆ ಟೈಲರ್ ಅಂಗಡಿ, ಪಕ್ಕಕ್ಕೆ ಮಲಯಾಳಿಗಳ ಕೆಫೆಟೇರಿಯಾ. ನನ್ನ ಜೊತೆಗಿದ್ದವರು ಉಡುಪಿ ಕಡೆಯವರು, ಮನೆಮಾತು ತುಳು, ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ಅವರನ್ನು ಅಣ್ಣಾ ಎನ್ನುತ್ತಿದ್ದೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಇಬ್ಬರಿಗೂ ಒಂದೇ ಕಂಪನಿ, ದೊಡ್ಡ ಕಟ್ಟಡಗಳಿಗೆ ಎಸಿ ಕೂರಿಸುವುದು. ಅಣ್ಣ ಸೈಟಿನಲ್ಲಿ ಫೋರ್‌ಮನ್. ನಾನು ಆಫೀಸಿನಲ್ಲಿ ಪ್ಲಾನಿಂಗ್ ಎಂಜಿನಿಯರ್, ಅಂದರೆ ಯಾವ ಕೆಲಸ ಮುಗಿದ ಮೇಲೆ ಯಾವ ಕೆಲಸ ಎಂದು ಕಂಪ್ಯೂಟರಿನಲ್ಲಿ ಗೆರೆ ಎಳೆಯುವವನು. ಬಿಜಾಪುರ ಕಡೆಯವನಾದ ನಾನು ಸಮುದ್ರವನ್ನು ಕಂಡದ್ದೇ ಡಿಗ್ರಿ ಮುಗಿದ ಮೇಲೆ. ಅದು ಅಣ್ಣನಿಗೆ ಮುಗಿಯದ ತಮಾಷೆ. ನಿಮ್ಮೂರಲ್ಲಿ ನೀರು ಅಂದ್ರೆ ಟ್ಯಾಂಕರ್ ಅಲ್ವಾ ಎಂದು ಯಾರ ಎದುರಿಗಾದರೂ ಕೇಳಿಬಿಡುತ್ತಿದ್ದರು.

ಒಂದು ವರ್ಷ ಕಂಪನಿಯವರು ಆಫೀಸಿನಿಂದ ಒಬ್ಬ, ಸೈಟಿನಿಂದ ಒಬ್ಬ ಎಂದು ಇಬ್ಬರನ್ನು ತರಬೇತಿಗೆ ಆರಿಸಿದರು. ಯಂತ್ರ ತಯಾರಾಗುವ ಕಾರ್ಖಾನೆ ನೇಪಲ್ಸ್ ಹತ್ತಿರ. ಆರಿಸಿದ್ದು ನಮ್ಮಿಬ್ಬರನ್ನೇ. ಪಾಸ್‌ಪೋರ್ಟುಗಳು ಕಂಪನಿಯ ಕಪಾಟಿನಲ್ಲೇ ಇದ್ದವು. ವೀಸಾ, ದೇಶದಿಂದ ಹೊರಹೋಗುವ ಪರವಾನಗಿ, ಟಿಕೆಟ್ಟು ಎಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ನಾವು ಯೋಚಿಸಬೇಕಾಗಿ ಉಳಿದದ್ದು ತರಬೇತಿಯ ನಡುವೆ ಸಿಗುವ ಒಂದೇ ಒಂದು ರಜೆಯ ದಿನ. ದ್ವೀಪ ಎಂದವರು ಅಣ್ಣ. ಎಲ್ಲಿಯೋ ಒಂದು ಚಿತ್ರ ನೋಡಿದ್ದರಂತೆ, ಸಮುದ್ರದಲ್ಲಿ ನಿಂತ ಮೂರು ಬಂಡೆ, ಒಂದರ ಹೊಟ್ಟೆಯಲ್ಲಿ ತೂತು, ತೂತಿನೊಳಗಿಂದ ಬೋಟು.

ಇಂಟರ್‌ನೆಟ್ ಕೆಫೆಗೆ ಹೋಗಿ ಫೆರ್ರಿಯ ವೇಳಾಪಟ್ಟಿ ಪ್ರಿಂಟ್ ತೆಗೆದುಕೊಂಡು ಬಂದೆ. ಸಂಜೆ ಚಪಾತಿ ಲಟ್ಟಿಸುತ್ತ ಅಣ್ಣ ಕೇಳುವುದು, ನಾನು ಹೇಳುವುದು. ಕಟ್ಟಡದ ಕೆಲಸಕ್ಕೆ ಎಳೆಯುವ ಹಾಗೆಯೇ ಆ ದಿನಕ್ಕೂ ಗೆರೆ ಎಳೆದೆ. ಬೆಳಿಗ್ಗೆ ಮೊದಲ ಫೆರ್ರಿ. ಹೋಗುವಾಗ ಎಡಗಡೆಯ ಸೀಟಿನಲ್ಲೇ ಕೂರಬೇಕು, ಜ್ವಾಲಾಮುಖಿ ಬೆಟ್ಟ ಆ ಕಡೆ ಕಾಣುತ್ತದೆ. ಇಳಿದೊಡನೆ ನೀಲಿ ನೀರಿನ ಗುಹೆ. ಸಮುದ್ರ ಏರಿದ್ದರೆ ಬಾಗಿಲು ಬಂದ್, ಹಾಗಾಗಿ ಮೊದಲು ಅದೇ. ಗುಹೆಯ ಬಾಯಿ ಎಷ್ಟು ತಗ್ಗೆಂದರೆ ಪುಟ್ಟ ದೋಣಿಯಲ್ಲಿ ಅಂಗಾತ ಮಲಗಿ ಒಳಗೆ ಹೋಗಬೇಕು. ಅಲ್ಲಿ ನೀವು ವಾಂತಿ ಮಾಡ್ತೀರಿ, ನಾನು ಕವರ್ ಹಿಡ್ಕೊಳ್ಬೇಕು, ಅದನ್ನೂ ಬರ್ಕೊಳ್ಳಿ ಎಂದರು ಅಣ್ಣ.

ಇಷ್ಟೆಲ್ಲ ಮಾಡಿದ್ದು ಶುಕ್ರವಾರಕ್ಕೆ. ಹಲವು ಸಂಜೆಗಳು ಅದೇ ಶುಕ್ರವಾರದ ಮೇಲೆ ಕಟ್ಟಿದೆವು. ದೋಹಾದಲ್ಲಿ ರಜೆ ಎಂದರೆ ಶುಕ್ರವಾರ, ಅದರ ಬಗ್ಗೆ ಯೋಚನೆಯೇ ಬರಲಿಲ್ಲ. ಒಂದು ದಿನ ಊಟದ ನಡುವೆ ಅಣ್ಣ ಕೈ ನಿಲ್ಲಿಸಿದರು.

"ಎಂಜಿನಿಯರ್ರೆ, ಶುಕ್ರವಾರ ರಜೆ ಕೊಡ್ಲಿಕ್ಕೆ ಇಟಲಿಯವ್ರು ಎಂಥ ಅರಬರಾ?"

ನಾನು ಪ್ರಿಂಟ್ ತಿರುಗಿಸಿ ನೋಡಿದೆ. ಭಾನುವಾರಕ್ಕೆ ಬೇರೆಯೇ ವೇಳೆ. ಎಲ್ಲ ಗೆರೆಗಳನ್ನೂ ಮತ್ತೆ ಎಳೆಯಬೇಕಾಯಿತು. ಇದು ಗಟ್ಟಿ ಕಾಳು, ಆ ಪ್ರಿಂಟಿನ ಮೇಲೆ ನಾನು ಹೊಡೆದುಹಾಕಿದ ಅಂಕಣ ಕಣ್ಣಿಗೆ ಕಟ್ಟಿದ ಹಾಗಿದೆ. ಕಣ್ಣಿಗೆ ಕಟ್ಟಿದ್ದೆಲ್ಲ ಗಟ್ಟಿ ಎಂದು ಆಗ ತಿಳಿದಿದ್ದೆ.

ಹೊರಡಲು ಸ್ವಲ್ಪ ದಿನ ಇರುವಾಗ ಅಣ್ಣ ಸೈಟಿನಲ್ಲಿ ಏಣಿಯಿಂದ ಬಿದ್ದರು. ತಾರಸಿಯ ಮೇಲೆ ಫ್ಯಾನ್ ನೋಡಲು ಹತ್ತಿದ್ದರಂತೆ. ತಲೆಗೆ ಪೆಟ್ಟು, ಎಚ್ಚರವಿಲ್ಲ. ಫೋನ್ ಬಂದಾಗ ನಾನು ಚಹಾ ಕುಡಿಯುತ್ತಿದ್ದೆ. ಉಳಿದ ಚಹಾ ಕುಡಿದು ಮುಗಿಸಿ, ಲೋಟ ತೊಳೆದಿಟ್ಟು ಎದ್ದೆ. ಎದೆಯಲ್ಲಿ ಏನೂ ಆಗಲಿಲ್ಲ. ಆಗಬೇಕಿತ್ತು ಎಂಬುದು ಗೊತ್ತಿತ್ತು, ಅಷ್ಟೇ.

ಆಸ್ಪತ್ರೆಯಲ್ಲಿ ಸಂಜೆ ನೋಡಲು ಬಿಡುತ್ತಿದ್ದರು. ಮಲಯಾಳಿ ನರ್ಸ್ ಹಿಂದಿಯಲ್ಲಿ, ಸುಮ್ಮನೆ ಕೂರಬೇಡಿ, ಮಾತಾಡಿ, ಅವರಿಗೆ ಕೇಳಿಸುತ್ತಿರಬಹುದು ಎಂದಳು. ಇದಕ್ಕೆ ಪುರಾವೆ ಏನು ಎಂದು ನಾನು ಕೇಳಲಿಲ್ಲ. ಆದರೆ ಏನು ಮಾತಾಡುವುದು? ನನಗೆ ತುಳು ಬಾರದು. ಅವರ ಮನೆಯ ಸುದ್ದಿ ಹೇಳೋಣವೆಂದರೆ, ಊರಿನಿಂದ ಅತ್ತಿಗೆ ಫೋನಿನಲ್ಲಿ ಅಳುವುದು ಬಿಟ್ಟು ಬೇರೆ ಸುದ್ದಿ ಇರಲಿಲ್ಲ. ಹಾಗಾಗಿ ದ್ವೀಪದ ಪ್ಲಾನ್ ಹೇಳಿದೆ. ಎಡಕ್ಕ ಕೂಡ್ರೂಣ್ರಿ ಅಣ್ಣಾ, ಬೆಟ್ಟ ಆ ಕಡೆ ಐತಿ, ಎಂದು ಶುರು. ಮರುದಿನ ಮತ್ತೆ ಅದೇ. ವಾರಗಳು ಕಳೆದವು. ಹೇಳಿದ್ದನ್ನೇ ಹೇಳಿ ನನಗೇ ಬೇಸರವಾಗಿ ಅಷ್ಟಿಷ್ಟು ಸೇರಿಸುತ್ತ ಹೋದೆ: ಫೆರ್ರಿಯಲ್ಲಿ ಎದುರು ಕೂತ ಮುದುಕಿ, ಅವಳ ಮಡಿಲಲ್ಲಿ ನಿಂಬೆಹಣ್ಣಿನ ಚೀಲ. ಪಕ್ಕದ ಮಂಚದ ಈಜಿಪ್ಟಿನವನು ನಾನು ಮಂತ್ರ ಹೇಳುತ್ತೇನೆಂದು ತಿಳಿದು ಗೌರವದಿಂದ ಟಿವಿಯ ದನಿ ತಗ್ಗಿಸುತ್ತಿದ್ದ.

ನಮ್ಮ ಬದಲು ಬೇರೆ ಇಬ್ಬರು ಇಟಲಿಗೆ ಹೋಗಿ ಬಂದರು. ಚಾಕಲೇಟ್ ಕೊಟ್ಟರು. ದ್ವೀಪಕ್ಕೆ ಹೋಗಿದ್ದಿರಾ ಎಂದು ಕೇಳಿದೆ. ರಜೆಯ ದಿನ ಮಳೆ, ಹೋಟೆಲಿನಲ್ಲೇ ಮಲಗಿದ್ದೆವು ಎಂದರು.

ಅಣ್ಣನಿಗೆ ಎಚ್ಚರವಾದದ್ದು ನಾನಿಲ್ಲದ ಹೊತ್ತಿನಲ್ಲಿ. ಹೆಂಡತಿ, ಮಗಳು, ಮನೆ, ಕಂಪನಿ, ನಾನು, ಎಲ್ಲ ನೆನಪಿತ್ತು. ಬೀಳುವ ಹಿಂದಿನ ಕೆಲವು ತಿಂಗಳು ಮಾತ್ರ ಒರೆಸಿಹೋಗಿದ್ದವು. ಆ ಜಾಗದಲ್ಲಿ ದ್ವೀಪ ಬಂದು ಕೂತಿತ್ತು. ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು ಎಂದು ಅವರು ಹೇಳಿದರು. ಜೋರಾಗಿ ಅಲ್ಲ, ನಿನ್ನೆ ಮಾರ್ಕೆಟ್ಟಿಗೆ ಹೋದದ್ದನ್ನು ಹೇಳುವ ಹಾಗೆ. ಶುಕ್ರವಾರವಂತೆ. ಮಧ್ಯಾಹ್ನದ ನಮಾಜು ಮುಗಿಯುವವರೆಗೆ ಅಂಗಡಿಗಳು ಮುಚ್ಚಿದ್ದವಂತೆ. ಟಿಕೆಟ್ ಕೌಂಟರಿನಲ್ಲಿದ್ದ ಮಲಯಾಳಿ ಊರು ಯಾವುದೆಂದು ವಿಚಾರಿಸಿದನಂತೆ. ಗುಹೆಯಲ್ಲಿ ನಾನು ವಾಂತಿ ಮಾಡಿದೆನಂತೆ, ಅವರು ಕವರ್ ಹಿಡಿದರಂತೆ.

ಅತ್ತಿಗೆ ನನಗೆ ಫೋನ್ ಮಾಡಿದರು. "ಇವ್ರು ಇಟಲಿಗೆ ಹೋಗಿ ಬಂದದ್ದಂತೆ. ತಲೆ ಸರಿ ಉಂಟಾ ಅವರದ್ದು?" ಎಂದು ಕೇಳಿದರು. ಸರಿಯಾಗುತ್ತದೆ ಎಂದೆ. ಆ ಮಾತಿಗೂ ನನ್ನಲ್ಲಿ ಪುರಾವೆ ಇರಲಿಲ್ಲ.

ಕಂಪನಿಯ ಲೆಕ್ಕ ನೇರವಾಗಿತ್ತು. ಇನ್ನು ಏಣಿ ಹತ್ತುವ ಕೆಲಸ ಕೊಡುವಂತಿಲ್ಲ. ಸ್ಟೋರಿನಲ್ಲಿ ಒಂದು ಜಾಗ ಖಾಲಿಯಿದೆ, ಆದರೆ ಸ್ಟೋರಿಗೆ ಸಾಮಾನು ಎಲ್ಲಿಟ್ಟೆ ಎಂದು ಮರೆಯದವನು ಬೇಕು. ಕ್ಲಿನಿಕ್ಕಿನ ಡಾಕ್ಟರು ನೆನಪು ಸರಿಯಿದೆ ಎಂದು ಬರೆದುಕೊಟ್ಟರೆ ಕೆಲಸ, ಇಲ್ಲದಿದ್ದರೆ ಖಲಾಸ್, ವೀಸಾ ರದ್ದು ಮಾಡಿ ಊರಿಗೆ. ಮಗಳು ಆಗ ಪಿಯುಸಿ. ಅಣ್ಣ ಇದನ್ನೆಲ್ಲ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೋಣೆಗೆ ಬಂದ ಮೇಲೆ ಒಂದು ಸಂಜೆ ಮಂಚದ ತುದಿಯಲ್ಲಿ ಕೂತು ನೇರವಾಗಿ ಕೇಳಿದರು.

"ನಾವು ಹೋದದ್ದಾ, ಇಲ್ವಾ? ನೀವು ಹೇಳಿದ ಹಾಗೆ ನಾನು ಡಾಕ್ಟರಿಗೆ ಹೇಳುವುದು."

"ಹೋಗಿಲ್ರಿ ಅಣ್ಣಾ."

"ಮತ್ತೆ ನೀವು ವಾಂತಿ ಮಾಡಿದ್ದು?"

"ಅದೂ ಆಗಿಲ್ಲ."

"ಅದು ಆಗ್ಲಿಲ್ಲಾಂತ ನೀವು ಹೇಳುವುದು ಸಹಜ ಬಿಡಿ."

ನನ್ನ ಹತ್ತಿರ ಒಂದು ಪುರಾವೆ ಇತ್ತು, ಅದನ್ನು ಮುಂದಿಟ್ಟೆ. ಅವರ ನೆನಪಿನಲ್ಲಿ ಅದು ಶುಕ್ರವಾರ. ಶುಕ್ರವಾರ ಇಟಲಿಯಲ್ಲಿ ರಜೆಯಲ್ಲ. ಹೋಗಿದ್ದರೂ ಆ ದಿನ ಕ್ಲಾಸಿನಲ್ಲಿರುತ್ತಿದ್ದೆವು. ಅಂಗಡಿ ಮುಚ್ಚುವುದು, ನಮಾಜು, ಮಲಯಾಳಿ, ಇದೆಲ್ಲ ನಮ್ಮ ನಜ್ಮಾ. ಹಾಗೆ ರಜೆ ತಪ್ಪು ತಿಳಿದದ್ದನ್ನು ಕಂಡುಹಿಡಿದವರೂ ಅವರೇ ಎಂದು ಹೇಳಿದೆ. ಅದು ಅವರಿಗೆ ನೆನಪಿರಲಿಲ್ಲ. ಹಾಗಾದ್ರೆ ಹೋಗ್ಲಿಲ್ಲ ಎಂದು ಒಪ್ಪಿಕೊಂಡರು. ವಾದ ಗೆದ್ದದ್ದಕ್ಕೆ ನನಗೆ ಒಂದು ಕ್ಷಣ ಸಮಾಧಾನವಾದದ್ದು ನೆನಪಿದೆ. ಎಸಿ ಗೊರಗುಟ್ಟುತ್ತಿತ್ತು. ಅವರು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು.

ಆಮೇಲಿನ ಸಂಜೆಗಳಲ್ಲಿ ಕಳೆದುಹೋದ ತಿಂಗಳುಗಳನ್ನು ಅವರಿಗೆ ಹೇಳಿಕೊಟ್ಟೆ. ಯಾವ ಸೈಟು ಮುಗಿಯಿತು, ಯಾರು ಊರಿಗೆ ಹೋದರು, ಅಲ್ ಥುಮಾಮಾದಲ್ಲಿ ಯಾರ ಮನೆಯಲ್ಲಿ ಊಟ ಮಾಡಿದೆವು. ಅವರು ಶಾಲೆಯ ಹುಡುಗನ ಹಾಗೆ ತಿರುಗಿ ಹೇಳುತ್ತಿದ್ದರು. ಬೀಳುವ ಹಿಂದಿನ ಶುಕ್ರವಾರ ಏನು ಮಾಡಿದೆವು ಎಂದು ಅವರು ಕೇಳಿದಾಗ ನಾನು ತಡವರಿಸಲೇ ಇಲ್ಲ. ಕಡಲದಂಡೆಯ ರಸ್ತೆ ಕಾರ್ನಿಶ್‌ನಿಂದ ಮರದ ಬೋಟು ಹತ್ತಿ ಎದುರಿನ ಪುಟ್ಟ ದ್ವೀಪಕ್ಕೆ ಹೋಗಿದ್ದೆವು, ಇಟಲಿಗೆ ಹೋಗುವ ಮೊದಲು ನನಗೆ ಬೋಟು ಅಭ್ಯಾಸ ಆಗಲಿ ಎಂದು ನೀವೇ ಕರೆದೊಯ್ದಿರಿ. ಖರ್ಜೂರದ ಮರಗಳು, ಸುಡುವ ಮರಳು, ನೀವು ಪ್ಯಾಂಟು ಮಡಚಿ ಮೊಣಕಾಲುವರೆಗೆ ನೀರಿಗಿಳಿದಿರಿ. ಅವರ ಮಡಚಿದ ಪ್ಯಾಂಟಿನ ಒದ್ದೆ ಅಂಚು ನನಗೆ ಕಾಣುತ್ತಿತ್ತು. ಈಗಲೂ ಕಾಣುತ್ತದೆ.

ಕ್ಲಿನಿಕ್ಕಿಗೆ ಜೊತೆಯಲ್ಲಿ ಹೋದೆ. ಡಾಕ್ಟರು ಹೈದರಾಬಾದಿನವರು, ಹಿಂದಿಯಲ್ಲಿ ಮಾತಾಡಿದರು. ನೂರರಿಂದ ಏಳೇಳು ಕಳೆಯಲು ಹೇಳಿದರು, ಕೆಲವು ವಸ್ತುಗಳ ಹೆಸರು ಹೇಳಿ ತುಸು ಹೊತ್ತಿನ ನಂತರ ಕೇಳಿದರು. ಅಣ್ಣ ಎಲ್ಲಿಯೂ ತಪ್ಪಲಿಲ್ಲ. ಕೊನೆಗೆ ಬೀಳುವ ಮೊದಲಿನ ರಜೆಯ ದಿನ ಏನು ಮಾಡಿದಿರಿ ಎಂದರು. ಅಣ್ಣ ಪುಟ್ಟ ದ್ವೀಪ ಹೇಳಿದರು, ಮರ, ಮರಳು, ಮಡಚಿದ ಪ್ಯಾಂಟು, ಎಲ್ಲ. ಡಾಕ್ಟರು ನನ್ನ ಕಡೆ ತಿರುಗಿ ನಿಜವೇ ಎಂದರು. ನಿಜ ಎಂದೆ. ನಾನು ಎಂಜಿನಿಯರ್ ಎಂದು ಅವರಿಗೆ ಗೊತ್ತಿತ್ತು. ಬರೆದುಕೊಟ್ಟರು.

ಅಣ್ಣ ಸ್ಟೋರಿಗೆ ಸೇರಿದರು. ಚೆನ್ನಾಗಿಯೇ ಕೆಲಸ ಮಾಡಿದರು. ಚಳಿಗಾಲ ಶುರುವಾಗುವ ಹೊತ್ತಿಗೆ ಒಂದು ಶುಕ್ರವಾರ, ಆ ದ್ವೀಪವನ್ನು ಇನ್ನೊಮ್ಮೆ ನೋಡಿ ಬರುವ, ನೀವು ಹೇಳಿದ್ದು ಬಿಟ್ರೆ ನನ್ನ ತಲೆಯಲ್ಲಿ ಎಂಥದೂ ಇಲ್ಲ ಎಂದರು. ಕಾರ್ನಿಶ್‌ನ ಬೋಟುಕಟ್ಟೆಗೆ ನಡೆದೆವು. ಬೋಟಿನವನಿಗೆ ದ್ವೀಪದ ಕಡೆ ಕೈ ತೋರಿಸಿದೆ. ಅವನು ಇಲ್ಲವೆಂದು ತಲೆಯಾಡಿಸಿದ. ಅಲ್ಲಿಗೆ ಯಾರನ್ನೂ ಬಿಡುವುದಿಲ್ಲ, ಮಾಫಿ, ಇಲ್ಲವೇ ಇಲ್ಲ, ಈಗ ಬರೀ ಒಂದು ಸುತ್ತು ಹಾಕಿಸಿ ತರುವುದು ಎಂದ. ಯಾವಾಗಿನಿಂದ ಎಂದು ಕೇಳಿದೆ. ಕಳೆದ ವರ್ಷದಿಂದಲೇ ಎಂದ. ಅಣ್ಣ ಬಿದ್ದದ್ದು ಈ ವರ್ಷದ ಬೇಸಿಗೆಯಲ್ಲಿ. ನಾನು ಇನ್ನೊಮ್ಮೆ ಕೇಳಿದೆ, ಬೇರೆ ಬೋಟಿನವನನ್ನೂ ಕೇಳಿದೆ. ಇಬ್ಬರದೂ ಒಂದೇ ಉತ್ತರ.

ಬಂದ ಹೊಸತರಲ್ಲಿ ಬೇರೆ ಯಾರ ಜೊತೆಯೋ ಹೋಗಿದ್ದಿರಬೇಕು. ಪ್ಯಾಂಟು ಮಡಚಿದವರು ಬೇರೆ ಯಾರೋ ಇರಬೇಕು. ಮುಖ ಮರೆತು, ಆ ಜಾಗದಲ್ಲಿ ಅಣ್ಣನನ್ನು ನಿಲ್ಲಿಸಿಕೊಂಡಿದ್ದೆ. ಅಥವಾ ಅದೂ ಅಲ್ಲ. ಆ ಶುಕ್ರವಾರ ನಾವು ನಿಜಕ್ಕೂ ಏನು ಮಾಡಿದೆವು ಎಂದು ಇಂದಿಗೂ ನನಗೆ ಗೊತ್ತಿಲ್ಲ. ಬಟ್ಟೆ ಒಗೆದಿರಬಹುದು. ಅಣ್ಣನಿಗೆ ಹೇಳಲು ಬಾಯಿ ತೆರೆದೆ. ಹೇಳುವ ಅಗತ್ಯವಿರಲಿಲ್ಲ, ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ಹಾಗಾದ್ರೆ ಇದಕ್ಕೂ ಹೋಗ್ಲಿಲ್ಲ ನಾವು."

"ಗೊತ್ತಿಲ್ರಿ ಅಣ್ಣಾ. ಹೋಗಿಲ್ಲ ಅನಸ್ತೈತಿ."

ಅವರು ನೀರಿನ ಕಡೆ ನೋಡಿದರು. ಸಿಟ್ಟು ಬಂದ ಹಾಗೆ ಕಾಣಲಿಲ್ಲ. ಅವರು ಸಿಟ್ಟಾಗಲಿ ಎಂದು ನನಗೇ ಇತ್ತೋ ಏನೋ. ಡಾಕ್ಟರಿಗೆ ಹೋಗಿ ಹೇಳಬೇಕೇ ಎಂದು ನಾನು ಯೋಚಿಸುತ್ತಿದ್ದೆ. ಹೇಳಿದರೆ ಸ್ಟೋರಿನಿಂದ ಕಳಿಸುವುದು ಅಣ್ಣನನ್ನು, ತಪ್ಪು ನೆನಪು ನನ್ನದು.

"ಎರಡೂ ಆಗ್ಲಿಲ್ಲಾಂತಾದ್ರೆ," ಎಂದರು ಅಣ್ಣ, "ನಾನು ಇಟಲಿಯದ್ದನ್ನೇ ಇಟ್ಕೊಳ್ತೇನೆ ಮಾರಾಯ್ರೆ. ಅದಕ್ಕೆ ನಾವು ಕಷ್ಟಪಟ್ಟದ್ದು ಜಾಸ್ತಿ."

ಬೋಟಿನವನು ಯಲ್ಲಾ, ಬನ್ನಿ ಎಂದು ಕರೆದ, ಸುತ್ತು ಹೊಡೆಯಲು ಇನ್ನಿಬ್ಬರಿಗೆ ಜಾಗವಿತ್ತು. ಹೊರಡುವ ಬೋಟಿನಲ್ಲಿ ಬಲಗಡೆ ಪೂರ್ತಿ ನೆರಳಿತ್ತು, ಎಲ್ಲರೂ ಅಲ್ಲೇ ಕೂತಿದ್ದರು. ಅಣ್ಣ ಅವರನ್ನು ದಾಟಿ ಹೋಗಿ ಬಿಸಿಲಿದ್ದ ಎಡಗಡೆಯಲ್ಲಿ ಕೂತರು. ಪಕ್ಕದ ಜಾಗವನ್ನು ಅಂಗೈಯಲ್ಲಿ ಒರೆಸಿ ನನ್ನ ಮುಖ ನೋಡಿದರು. ನಾನು ಹೋಗಿ ಕೂತೆ.