ಎಪ್ಪತ್ತನೆಯ ಮಣಿ

ಸಮವಸ್ತ್ರ ಹೊಲಿಯುವ ಆ ದರ್ಜಿಯನ್ನು ಬೀದಿಯವರೆಲ್ಲ ‘ವಂಶಣ್ಣ’ ಎಂದೇ ಕರೆಯುತ್ತಿದ್ದರು. ಗಿರಾಕಿಯ ಎದೆಯಳತೆ ತೆಗೆಯುವಷ್ಟರಲ್ಲಿ ಅವರು ತಮ್ಮ ಏಳು ತಲೆಮಾರಿನ ಕಥೆ ಮುಗಿಸಿರುತ್ತಿದ್ದರು. ತೋಳು ಗಿಡ್ಡವಾಗಿದೆ ಎಂದು ಯಾರಾದರೂ ಅಂಗಿ ವಾಪಸು ತಂದರೆ, ತಪ್ಪು ತಂದವನ ಕೈಯದಾಗುತ್ತಿತ್ತೇ ವಿನಾ ಅವರದಲ್ಲ.

ಹೆಣ್ಣು ಕೊಟ್ಟಿದ್ದು, ತಂದಿದ್ದು ಎಲ್ಲವೂ ಅವರಲ್ಲಿ ಸಂಬಂಧಿಕರೊಳಗೇ. ಮಗಳು ಲಿಫ್ಟ್ ರಿಪೇರಿ ಮಾಡುವವನನ್ನು ಮೆಚ್ಚಿದ್ದೇನೆ ಎಂದಾಗ, “ನಮ್ಮ ರಕ್ತಕ್ಕೆ ಹೊರಗಿನ ಒಂದು ಹನೀನೂ ಬೀಳ್ಬಾರ್ದು,” ಎಂದು ತಂಗಿಯ ಮಗನೊಂದಿಗೇ ಅವಳ ಮದುವೆ ಗಟ್ಟಿಮಾಡಿದರು. ಮಗಳು ಮೂರು ದಿನ ಮಾತು ಬಿಟ್ಟಳು. ಅವರಿಗದು ಗೊತ್ತೇ ಆಗಲಿಲ್ಲ. ಮನೆಯಲ್ಲಿ ಮಾತಾಡುತ್ತಿದ್ದುದು ಅವರೊಬ್ಬರೇ.

ಅದೇ ವಾರ ಅವರ ಅಪೆಂಡಿಕ್ಸ್ ಬಾತುಕೊಂಡಿತು. ಆಪರೇಷನ್ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು, ಮತ್ತಿನ ಅನಿಲ ನಿಲ್ಲಿಸಿದರು. ವಂಶಣ್ಣನಿಗೆ ಎಚ್ಚರವೇನೋ ಆಯಿತು. ಆದರೆ ರೆಪ್ಪೆ ಏಳಲಿಲ್ಲ, ನಾಲಿಗೆ ಹೊರಳಲಿಲ್ಲ, ಉಸಿರನ್ನು ಯಂತ್ರವೇ ಆಡಿಸುತ್ತಿತ್ತು.

“ಇವ್ರು ಇಷ್ಟು ಹೊತ್ತು ಸುಮ್ನೆ ಇದ್ದಿದ್ದು ಇದೇ ಮೊದ್ಲು ಇರ್ಬೇಕು,” ಎಂದರು ನರ್ಸ್. “ನನ್ನ ಮಗನ ಯೂನಿಫಾರ್ಮ್ ಹೊಲ್ದಿದ್ದು ಇವ್ರೇ. ಪ್ಯಾಂಟಿನ ಒಂದು ಕಾಲು ಉದ್ದ, ಒಂದು ಗಿಡ್ಡ.”

ಕೊಡಬೇಕಾದ ಉತ್ತರ ಗಂಟಲಲ್ಲೇ ಉಳಿಯಿತು. ಸಿಟ್ಟು ಇಳಿದು ಪ್ರಾಣಭಯ ಹತ್ತಿತು, ಕಣ್ಣಂಚಿನಿಂದ ನೀರಿಳಿಯಿತು. ಅದನ್ನೂ ಏರುತ್ತಿದ್ದ ನಾಡಿಯನ್ನೂ ಕಂಡ ಅರಿವಳಿಕೆಯ ಡಾಕ್ಟರಮ್ಮ, “ಅಯ್ಯೋ, ಎಚ್ಚರ ಇದ್ದಾರೆ!” ಎಂದು ಮತ್ತೆ ನಿದ್ದೆ ಬರಿಸಿದರು. ವಂಶಣ್ಣ ತಾವಾಗಿ ಉಸಿರಾಡಿದ್ದು ಎರಡೂವರೆ ಗಂಟೆಯ ನಂತರ.

ರಕ್ತಪರೀಕ್ಷೆಯ ವರದಿ ಬಂದ ದಿನ ಡಾಕ್ಟರಮ್ಮ ಮನೆಯವರನ್ನೆಲ್ಲ ಕೂರಿಸಿಕೊಂಡು ವಿವರಿಸಿದರು.

“ಸ್ನಾಯು ಸಡಿಲ ಮಾಡೋಕೆ ಒಂದು ಔಷಧಿ ಕೊಟ್ಟಿದ್ವಿ. ರಕ್ತದಲ್ಲಿರೋ ಒಂದು ಕಿಣ್ವ ಅದನ್ನ ಹಿಡಿದು ತುಂಡು ಮಾಡ್ಬೇಕು. ಐದ್ಹತ್ತು ನಿಮಿಷದ ಕೆಲಸ. ಆ ಕಿಣ್ವ ಅಂದ್ರೆ ಐನೂರ ಎಪ್ಪತ್ನಾಲ್ಕು ಮಣಿಗಳ ಸರ. ಅದು ಮಡಚಿಕೊಂಡು ನಡುವೆ ಒಂದು ಗುಳಿ ಆಗಿರುತ್ತೆ. ನಿಮ್ಮ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿ ಎಪ್ಪತ್ತನೇ ಮಣಿ ಬೇರೆ ಆಗಿದೆ. ಗುಳಿಯ ಬಾಯಲ್ಲಿ ಋಣ ವಿದ್ಯುತ್ ಇಟ್ಕೊಂಡು, ಧನ ವಿದ್ಯುತ್ ಇರೋ ಔಷಧೀನ ಒಳಗೆ ಎಳ್ಕೊಳ್ಬೇಕಾದ ಮಣಿ ಅದು. ನಿಮ್ಮಲ್ಲಿ ಆ ಜಾಗದ ಮಣಿಗೆ ವಿದ್ಯುತ್ತೇ ಇಲ್ಲ. ಔಷಧಿ ಹತ್ತಿರ ಬಂದ್ರೂ ಹಿಡಿತ ಸಿಗದೆ ಜಾರಿ ಹೋಗುತ್ತೆ. ಅದಕ್ಕೇ ನಿಮ್ಮ ಸ್ನಾಯು ಗಂಟೆಗಟ್ಟಲೆ ಸಡಿಲವಾಗೇ ಉಳೀತು.”

“ಒಂದು ಮಣಿಗೆ ಇಷ್ಟೊಂದು ರಾದ್ಧಾಂತಾನಾ?” ಎಂದು ವಂಶಣ್ಣ ಕೇಳಿದರು.

“ಒಂದೇ ಕಡೆಯಿಂದ ಬಂದಿದ್ರೆ ಇಷ್ಟಾಗ್ತಿರ್ಲಿಲ್ಲ. ನಿಮ್ಗೆ ಅಪ್ಪ, ಅಮ್ಮ ಇಬ್ಬರಿಂದ್ಲೂ ಬಂದಿದೆ. ಅವ್ರು ಸಂಬಂಧಿಕರಾ?”

“ಶುದ್ಧ ಒಂದೇ ರಕ್ತ!” ಎಂದರು ವಂಶಣ್ಣ, ಎದೆಯುಬ್ಬಿಸಿ. ಹೆಂಡತಿ ಕೆಮ್ಮಿ ನಗು ಮುಚ್ಚಿಕೊಂಡರು.

ಇದು ರೋಗವಲ್ಲ, ಆ ಔಷಧಿ ಬೇಡವೆಂಬ ಚೀಟಿ ಜೇಬಿನಲ್ಲಿದ್ದರೆ ಸಾಕು, ಒಡಹುಟ್ಟಿದವರೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು. ಸುದ್ದಿ ಮುಟ್ಟಿದ್ದೇ ತಡ ತಂಗಿಯ ಫೋನ್ ಬಂತು.

“ಅಣ್ಣ, ತಪ್ಪು ತಿಳ್ಕೋಬೇಡ. ದೋಷ ಇರೋ ರಕ್ತಾನ ನಮ್ಮನೆಗೆ ಹೇಗೆ ತರೋದು?”

“ಲೇ, ನಿಂದೂ ಅದೇ ರಕ್ತ ಕಣೇ!”

“ಮದುವೆ ಆದ್ಮೇಲೆ ನಂದು ಬೇರೆ ಆಯ್ತು,” ಎಂದು ತಂಗಿ ಫೋನಿಟ್ಟರು.

ವಂಶಣ್ಣ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಲಿಫ್ಟಿನವನನ್ನು ಮನೆಗೆ ಕರೆಸಿದರು. ಸಾವಿರಾರು ಮಂದಿಯಲ್ಲಿ ಒಬ್ಬರಿಗಷ್ಟೇ ಒಲಿಯುವ ಮಣಿ ತಮ್ಮದೆಂದು ಅವನಿಗೆ ಅರ್ಧ ಗಂಟೆ ಕೊರೆದರು. ಅವನು ತಲೆಯಾಡಿಸಿದ, ಮದುವೆ ನಿಶ್ಚಯವಾಯಿತು.

ಮದುವೆಗೆ ತಂಗಿ ಬರಲಿಲ್ಲ. ಮರುತಿಂಗಳು ಯಾರಿಗೂ ಹೇಳದೆ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬಂದರಂತೆ. ವರದಿಯಲ್ಲಿ ಏನಿತ್ತೆಂದು ಅವರು ಇಂದಿಗೂ ಬಾಯಿಬಿಟ್ಟಿಲ್ಲ.