ಏಳುನೂರು ಮೀಟರ್

ನಮ್ಮ ಪಿ.ಡಿ. ಸರ್ ಅವರ ಬಲಗೈ ಹೆಬ್ಬೆರಳಿನ ಉಗುರು ಚಪ್ಪಟೆಯಾಗಿತ್ತು. ಮೂವತ್ತು ವರ್ಷ ಸ್ಟಾಪ್‌ವಾಚಿನ ಗುಂಡಿ ಒತ್ತಿ ಒತ್ತಿ ಹಾಗಾಗಿದೆ ಎಂದು ನಾವು ಹುಡುಗಿಯರು ನಂಬಿದ್ದೆವು. ಬಾಗಿಲ ಸಂದಿಗೆ ಸಿಕ್ಕು ಹಾಗಾದದ್ದು ಎಂದು ಅವರ ಹೆಂಡತಿ ಆಮೇಲೆ ಹೇಳಿದರೂ ನಾನು ಒಪ್ಪಲಿಲ್ಲ.

ಧಾರವಾಡದ ನಮ್ಮ ಕಾಲೇಜು ಸಣ್ಣದು. ಸ್ವಂತ ಮೈದಾನವಿರಲಿಲ್ಲ. ಕ್ರೀಡಾ ವಿಭಾಗವೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ ಮತ್ತು ಫಿಸಿಕಲ್ ಡೈರೆಕ್ಟರ್ ಆಗಿದ್ದ ಸರ್. ಬೆಳಿಗ್ಗೆ ಆರಕ್ಕೆ ಕೆಲಗೇರಿ ಕೆರೆಯ ಏರಿಯ ಮೇಲೆ ಹಾಜರಿ. ಅಲ್ಲಿಂದ ಹೊಲಗಳ ನಡುವಿನ ಕಚ್ಚಾ ರಸ್ತೆ ಹಿಡಿದು, ಒಂದು ಬೇವಿನ ಮರ ಸುತ್ತಿ ಬಂದರೆ ಹತ್ತು ಕಿಲೋಮೀಟರ್. ಹಳೆಯ ದಾರಿಯಲ್ಲಿ ಮನೆಗಳೆದ್ದ ಮೇಲೆ, ನಾನು ಕಾಲೇಜು ಸೇರಿದ ವರ್ಷ, ಸರ್ ಈ ಹೊಸ ದಾರಿಯನ್ನು ಅಳೆದಿದ್ದರು. ಸೈಕಲ್ಲಿನ ಮುಂದಿನ ಗಾಲಿಗೆ ಬಟ್ಟೆಯ ಚಿಂದಿ ಕಟ್ಟಿ, ಗಾಲಿ ಎಷ್ಟು ಸಲ ಉರುಳಿತೆಂದು ಎಣಿಸುತ್ತ ತಳ್ಳಿಕೊಂಡು ಹೋಗಿದ್ದರಂತೆ. ಓಟ ಮುಗಿದ ಮೇಲೆ ನೆನೆಸಿದ ಶೇಂಗಾ, ಬೆಲ್ಲ ಕೊಡುತ್ತಿದ್ದರು. ಹೊಗಳಿಕೆ ಮಾತ್ರ ಕೊಡುತ್ತಿರಲಿಲ್ಲ. ಪ್ರಾಣ ಬಾಯಿಗೆ ಬರುವಂತೆ ಓಡಿ ಬಂದರೂ “ಅಡ್ಡಿಯಿಲ್ಲ” ಅನ್ನುವರು; ಅವರ ಕೈಯಿಂದ ಸಿಗುವ ಚಿನ್ನದ ಪದಕ ಅದೇ. ವೇಳೆಯ ಬಗ್ಗೆ ಯಾರಾದರೂ ತಕರಾರು ತೆಗೆದರೆ ಒಂದೇ ಮಾತು: “ಗಡಿಯಾರಕ್ಕ ಯಾರ ಮ್ಯಾಲೂ ಸಿಟ್ಟಿಲ್ಲವಾ.”

ನನ್ನ ಅಪ್ಪನನ್ನು ಒಪ್ಪಿಸಿದವರೂ ಅವರೇ. ಮಗಳು ಪ್ಯಾಂಟು ಹಾಕಿ ರಸ್ತೆಯಲ್ಲಿ ಓಡುವುದು ಅಪ್ಪನಿಗೆ ಸರಿಬರುತ್ತಿರಲಿಲ್ಲ. ಸರ್ ಮೂರು ಸಲ ಮನೆಗೆ ಬಂದು, ಕೂತು, ಚಹಾ ಕುಡಿದು, ಅಪ್ಪನಿಂದ ಒಂದು ಮಾತು ಪಡೆದರು: ನಾನು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ಮುಂದೆ ಓದಿಸುವುದು, ಇಲ್ಲವಾದರೆ ವರ ನೋಡುವುದು. ಸರ್ ಅವರದೂ ಒಂದು ಕಟ್ಟಳೆಯಿತ್ತು. ಕೆಲಗೇರಿಯ ದಾರಿಯನ್ನು ನಲವತ್ತು ನಿಮಿಷದೊಳಗೆ ಮುಗಿಸಿದವರನ್ನಷ್ಟೇ ಆಯ್ಕೆಗೆ ಕಳಿಸುತ್ತಿದ್ದರು. ಸಣ್ಣ ಕಾಲೇಜಿನ ಹುಡುಗಿಯರು ಅಲ್ಲಿ ಹೋಗಿ ಕೊನೆಯವರಾಗಿ ಬಂದು ನಗೆಪಾಟಲಾಗುವುದನ್ನು ಅವರು ಸಹಿಸುತ್ತಿರಲಿಲ್ಲ.

ಡಿಗ್ರಿಯ ಕೊನೆಯ ವರ್ಷ ನಾನು ಓಡಿದೆ. ನಲವತ್ತೊಂದು ನಿಮಿಷ ಐವತ್ತು ಸೆಕೆಂಡು. ಸರ್ ಸ್ಟಾಪ್‌ವಾಚನ್ನು ನನ್ನ ಕೈಗೇ ಕೊಟ್ಟು ನೋಡು ಅಂದರು. ಅಂದು ಸಂಜೆ ಅಪ್ಪನಿಗೂ ಅವರೇ ಬಂದು ಹೇಳಿದರು. ಮುಂದಿನ ಬೇಸಿಗೆಯಲ್ಲಿ ನನ್ನ ಮದುವೆಯಾಯಿತು. ಗಂಡ ಒಳ್ಳೆಯವನು, ಅದು ಬೇರೆ ಮಾತು. ನನ್ನ ಕಾಲಿನ ಯೋಗ್ಯತೆ ಇಷ್ಟೇ ಎಂದು ನಂಬಿಕೊಂಡು ಗಬ್ಬೂರಿನ ಮನೆಯಲ್ಲಿ ಹನ್ನೆರಡು ವರ್ಷ ಸಂಸಾರ ಮಾಡಿದೆ.

ಕಳೆದ ವರ್ಷ ಗಂಡ ದೂರ ಅಳೆಯುವ ಕೈಗಡಿಯಾರ ತಂದುಕೊಟ್ಟ. ತವರಿಗೆ ಹೋದಾಗ ಹುಕಿ ಬಂದು ಅದನ್ನು ಕಟ್ಟಿಕೊಂಡು ಕೆಲಗೇರಿಗೆ ಹೋದೆ. ಅರ್ಧ ಓಟ, ಅರ್ಧ ನಡಿಗೆ. ಬೇವಿನ ಮರ ಸುತ್ತಿ ಏರಿಗೆ ಬಂದು ನೋಡಿದರೆ ಹತ್ತು ಕಿಲೋಮೀಟರ್ ಏಳುನೂರು ಮೀಟರ್! ವಾಚು ಕೆಟ್ಟಿದೆ ಅಂದುಕೊಂಡೆ. ಮರುದಿನ ತಮ್ಮನ ಬೈಕಿನಲ್ಲಿ ಹೋಗಿ ಬಂದೆ. ಅದೇ ಏಳುನೂರು. ಏರಿಯ ಮೇಲೆ ಹಾಗೇ ಕುಸಿದು ಕೂತೆ.

ನನ್ನ ನಾಲಿಗೆಗೆ ಮೊದಲಿನಿಂದಲೂ ಲಗಾಮಿಲ್ಲ. ನೇರ ಮಾಳಮಡ್ಡಿಯ ಅವರ ಮನೆಗೆ ಹೋದೆ. ನಿವೃತ್ತರಾಗಿದ್ದ ಸರ್ ಸೊರಗಿ, ಕಟ್ಟೆಯ ಮೇಲೆ ಕೂತಿದ್ದರು. ಪಾಪ, ಅವರಿಗೆ ಗೊತ್ತೇ ಇರಲಿಕ್ಕಿಲ್ಲ, ಕೇಳಿ ಎದೆ ಒಡೆದುಕೊಂಡಾರು ಎಂದು ಹೆದರುತ್ತಲೇ ವಿಷಯ ಹೇಳಿ ವಾಚನ್ನು ಮುಂದೆ ಹಿಡಿದೆ. ಅವರು ಅದನ್ನು ನೋಡಲೇ ಇಲ್ಲ.

“ನನಗ ಗೊತ್ತೈತವಾ,” ಅಂದರು.

ಅವರೇ ಹೇಳುತ್ತ ಹೋದರು. ದಾರಿ ಅಳೆಯುವ ಹೊತ್ತಿಗೆ ಸೈಕಲ್ಲು ಬದಲಾಗಿತ್ತು. ಹೊಸದರ ಗಾಲಿ ದೊಡ್ಡದು. ಆದರೆ ಕಿಲೋಮೀಟರಿಗೆ ಇಷ್ಟು ಸುತ್ತು ಎಂಬ ಎಣಿಕೆ ಮಾತ್ರ ಹಳೆಯ ಸೈಕಲ್ಲಿನದೇ, ಬಾಯಿಪಾಠವಾಗಿದ್ದದ್ದು. ನನ್ನ ಮದುವೆಯ ಬೇಸಿಗೆಯಲ್ಲೇ ಕಾಲೇಜಿಗೆ ಅಳತೆಯ ಹೊಸ ಟೇಪು ಬಂದು, ಅಳೆದಾಗ ತಪ್ಪು ಗೊತ್ತಾಗಿತ್ತು. ಯಾರಿಗೂ ಹೇಳದೆ, ತಿರುಗುವ ಜಾಗವನ್ನು ಬೇವಿನ ಮರದಿಂದ ಈಚೆಗೆ ತಂದಿದ್ದರು.

“ಹೇಳಬೇಕಂತನ ನಿಮ್ಮನಿ ತನಕಾ ಬಂದಿದ್ನಿ. ಬಾಗಲದಾಗ ಮದುವಿ ಹಂದರ ಹಾಕಿದ್ರು. ಹೊಳ್ಳಿ ಬಂದ್ನಿ.”

ಹನ್ನೆರಡು ವರ್ಷ! ತವರಿಗೆ ಬಂದಾಗ ಬಜಾರಿನಲ್ಲಿ ಎದುರಾದಾಗಲೆಲ್ಲ ಮಕ್ಕಳು ಹೇಗಿದ್ದಾರೆ ಎಂದು ಕೇಳಿ ಲಗುಬಗೆಯಿಂದ ಹೋಗಿಬಿಡುತ್ತಿದ್ದುದು ಇದಕ್ಕೆ. ಗಡಿಯಾರಕ್ಕೆ ಸಿಟ್ಟಿಲ್ಲದಿದ್ದರೇನು, ನನಗಿದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಅಂದರು: “ನಿಂದು ಖರೇ ಟೈಮ್ ಮೂವತ್ತೊಂಬತ್ತು ನಿಮಿಷ ಆರು ಸೆಕೆಂಡ್. ಲೆಕ್ಕಾ ಮಾಡಿ ಇಟ್ಟೇನಿ.”

ಚೀಟಿ ನೋಡಲಿಲ್ಲ, ಬೆರಳು ಎಣಿಸಲಿಲ್ಲ. ಅಷ್ಟು ವರ್ಷವೂ ಅದನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದರು. ಬೈಯಲೆಂದು ನಿಂತ ನನಗೆ ಆ ಗಳಿಗೆಯಲ್ಲಿ ಆದದ್ದು ಸಂತೋಷ. ಮೈ ಜುಮ್ಮೆನ್ನುವಂಥ ಸಂತೋಷ. ಅವರ ಮಾತಿಗಿಂತ ಹೆಚ್ಚು ಗಾಬರಿಯಾದದ್ದು ಅದಕ್ಕೆ. ಬೈಯಲೂ ಇಲ್ಲ, ಕ್ಷಮಿಸಿದೆ ಅನ್ನಲೂ ಇಲ್ಲ. ಹೊರಟು ಬಂದೆ.

ಎರಡು ತಿಂಗಳಿಗೆ ಸರ್ ಹೋಗಿಬಿಟ್ಟರು. ಕಾಲೇಜಿನ ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಅವರ ಶಿಸ್ತನ್ನೂ ಕರಾರುವಾಕ್ಕಾದ ಲೆಕ್ಕವನ್ನೂ ಹೊಗಳಿದರು. ನನ್ನನ್ನೂ ಎರಡು ಮಾತಾಡಲು ಕರೆದರು. ನನ್ನನ್ನು ಕೆರೆಯ ಏರಿಗೆ ಕರೆತಂದವರೂ ಅವರೇ, ಅಲ್ಲಿಂದ ಮನೆಗೆ ಕಳಿಸಿದವರೂ ಅವರೇ. ಎರಡನ್ನೂ ಒಟ್ಟಿಗೆ ಹೇಳುವುದು ಹೇಗೆ? ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಕೂತಿದ್ದರು.

“ಹತ್ತು ಕಿಲೋಮೀಟರ್ ನಾ ಮೂವತ್ತೊಂಬತ್ತು ನಿಮಿಷ ಆರು ಸೆಕೆಂಡಿನ್ಯಾಗ ಓಡೇನ್ರಿ. ಸರ್ ಹೇಳ್ಯಾರ,” ಅಂದು ಕೂತುಬಿಟ್ಟೆ.

ಸತ್ತವರ ಸಭೆ ಎಂಬುದನ್ನೂ ಮರೆತು, ಹಿಂದಿನ ಸಾಲಿನ ಹುಡುಗಿಯರು ಚಪ್ಪಾಳೆ ತಟ್ಟಿದರು.