ತಾತ ಏಳ್ಕೊಟ್ಟ ಶವಾಸನ

“ಎಂಟ್ನೇ ಕ್ಲಾಸ್‌ಗೇ ಸ್ಕೂಲ್ ಬುಟ್ಟೋನು ಸಂಸ್ಕೃತ ಕಲೀಬಾರ್ದು ಅಂತ ಯಾರಣ್ಣ ಏಳುದ್ದು? ಯೋಗಕ್ಕೆ ಮೈ ಬಗ್ಗುದ್ರೆ ಸಾಕಾ? ಸರ್ಕಸ್‌ನೋರೂ ಬಗ್ತಾರೆ.”

ಈಗ್ತಾನೆ ನಮ್ಮಣ್ಣನ್ ಮುಂದೆ ಇಂಗೆ ಕೂಗಾಡ್ದೆ. ಅವನ ಅಣೇಲಿದ್ದ ಈಬತ್ತಿ ವಾಸ್ನೆಗೆ, ದಿನಾ ಅದ್ನೇ ಬಳ್ಕಳ್ತಿದ್ದ ತಾತ ಗ್ಯಾನಕ್ಕೆ ಬಂದ.

ನಾನು ಚಿಕ್ಕೋನಾಗಿದ್ದಾಗ, ನಮ್ಮೂರು ಪಣಕಳ್ಳಿ ಮನೆ ಜಗಲಿ ಮೇಲೆ ತಾತ ಗೋಣಿಚೀಲ ಆಸ್ಕಂಡು ದಿನಾ ಆಸನ ಮಾಡೋನು. ಕೊನೇಲಿ ಕಣ್ಮುಚ್ಚಿ ಮನಿಕಳೋನು. ನಾನೂ ಪಕ್ಕದಲ್ಲಿ ಮನಿಕಂಡು ಕಾಲು ಕುಣುಸ್ತಾ ನೊಣ ಒಡೀತಿದ್ದೆ.

“ಇದ್ರ ಎಸ್ರು ಶವಾಸನ ಕಣ್ಲಾ,” ಅಂದ ಒಂದಿನ. “ಶವ ಅಂದ್ರೆ ಎಣ. ಎಣ ನೊಣ ಓಡುಸ್ತದಾ? ಬೈದ್ರೆ ತಿರುಗಿ ಬಯ್ತದಾ?”

ಅವತ್ತು ತುಟಿ ಮೇಲೆ ನೊಣ ಕುಂತ್ರೂ ನಾನು ಅಳ್ಳಾಡ್ನಿಲ್ಲ. ಅಷ್ಟ್ ದಿನ ಬರ್ದಿದ್ದ ಆಸನ, ಎಸರಿನ ಅರ್ಥ ಗೊತ್ತಾದ್ಮೇಲೆ ಬಂತು.

ಮಿಕ್ಕ ಆಸನಗಳ ಸಂಸ್ಕೃತ ಎಸರುಗಳ ಅರ್ಥ ಏಳೋಕ್ ಮುಂಚೆ ತಾತ ಓಗ್ಬುಟ್ಟ. ನಮ್ಮೋರ ಪದ್ಧತಿಯಂಗೆ ಕಾಲು ಮಡಿಸಿ, ಕುಂಡ್ರಿಸಿ ಮಣ್ಣು ಮಾಡುದ್ರು. ಅದ್ಯಾವ ಆಸನ ಅಂತ ಕೇಳಕ್ಕೆ ತಾತ್ನೇ ಇರ್ನಿಲ್ಲ. ಅವತ್ತಿಂದ ನಾನು ಬರೀ ಮೈ ಬಗ್ಗುಸ್ತಾ ಇವ್ನಿ.

ಇವತ್ತು ಸಾಯಂಕಾಲ ತಾಳವಾಡೀಲಿ ಸಂಸ್ಕೃತ ಪಾಠ ಸುರು. ಅಣ್ಣ ಬೈಕ್ ಕೀ ಕೊಡ್ನಿಲ್ಲ.

“ನಡ್ಕೊಂಡ್ ಓಗ್ಲಾ ಸಾಸ್ತ್ರಿ,” ಅಂತ ನಕ್ಕ.

“ನಡ್ಕೊಂಡೇ ಓಯ್ತೀನಿ,” ಅಂದು, ಬಾಗ್ಲು ದಡಾರ್ ಅಂತ ಬಡ್ದು ಈಚೆಗೆ ಬಂದೆ.